ಮಾಲ್ಕಮ್ ಯಂಗ್‌ನ ಬಲಗೈ

ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದಲ್ಲಿ ರಿವರ್ ಪ್ಲೇಟ್ ಎಂಬ ದೊಡ್ಡ ಫುಟ್‌ಬಾಲ್ ಕ್ರೀಡಾಂಗಣವಿದೆ. ಆಸ್ಟ್ರೇಲಿಯಾದ ಹಾರ್ಡ್ ರಾಕ್ ತಂಡ ಎಸಿ/ಡಿಸಿ 2009ರ ಡಿಸೆಂಬರಿನಲ್ಲಿ ಅಲ್ಲಿ ನಡೆಸಿದ ಕಾರ್ಯಕ್ರಮ ಆಮೇಲೆ ಡಿವಿಡಿಯಾಗಿ ಬಂತು. ಅದನ್ನು ನೋಡಿದವರ ಮನಸ್ಸಿನಲ್ಲಿ ಉಳಿಯುವುದು ಒಂದೇ ಏಟಿಗೆ ಮೇಲೆದ್ದು ಒಂದೇ ಏಟಿಗೆ ಕೆಳಗಿಳಿಯುವ ಜನಸ್ತೋಮ. ಜೊತೆಗೆ ಶಾಲಾ ಸಮವಸ್ತ್ರದ ಚಡ್ಡಿ, ಟೈ, ಟೋಪಿ ತೊಟ್ಟು ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡುತ್ತ ಗಿಟಾರ್ ನುಡಿಸುವ ಆಂಗಸ್ ಯಂಗ್. ಕ್ಯಾಮೆರಾ ಅವನ ಬೆನ್ನು ಬಿಡುವುದಿಲ್ಲ. ಅದು ಕೊಂಚ ಹಿಂದಕ್ಕೆ ಸರಿದಾಗ ಮಾತ್ರ ಡ್ರಮ್ಸಿನ ಪಕ್ಕದಲ್ಲಿ, ಆಳೆತ್ತರದ ಮಾರ್ಷಲ್ ಸ್ಪೀಕರುಗಳ ಮುಂದೆ ನಿಂತ ಒಬ್ಬ ಕುಳ್ಳ ಮನುಷ್ಯ ಕಾಣಿಸುತ್ತಾನೆ. ಸಾದಾ ಉಡುಪು, ತಾಳ ಹಾಕುತ್ತಿರುವ ಒಂದು ಕಾಲು. ಪಲ್ಲವಿ ಬಂದಾಗ ಮೈಕಿನ ಹತ್ತಿರ ಬಂದು ದನಿ ಸೇರಿಸುತ್ತಾನೆ. ಅದು ಮುಗಿದ ಕೂಡಲೇ ಹಿಮ್ಮುಖವಾಗಿಯೇ ಹೆಜ್ಜೆಯಿಟ್ಟು ತನ್ನ ಜಾಗ ಸೇರಿಕೊಳ್ಳುತ್ತಾನೆ. ಆತ ಆಂಗಸ್‌ನ ಅಣ್ಣ, ಮಾಲ್ಕಮ್ ಯಂಗ್. ಅಲ್ಲಿ ನೆರೆದವರೆಲ್ಲ ಕಣ್ಣಿಟ್ಟದ್ದು ತಮ್ಮನ ಮೇಲೆ, ಕುಣಿದದ್ದು ಅಣ್ಣನ ಬಲಗೈಗೆ.

ಹಾರ್ಡ್ ರಾಕ್‌ನ ಗಿಟಾರಿಸ್ಟರ ಮಾತು ಬಂದಾಗ ಜಿಮಿ ಪೇಜ್, ರಿಚಿ ಬ್ಲ್ಯಾಕ್‌ಮೋರ್, ಎಡ್ಡಿ ವ್ಯಾನ್ ಹೇಲನ್ ಎಂದು ಹೆಸರುಗಳು ಸಾಲುಗಟ್ಟುತ್ತವೆ. ಎಲ್ಲರೂ ದೊಡ್ಡವರೇ. ಆದರೂ ಈ ಸಂಗೀತದ ಜೀವ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಮಾಲ್ಕಮ್ ಯಂಗ್‌ನನ್ನು. ಆತನ ಧ್ವನಿಮುದ್ರಿಕೆಗಳಲ್ಲಿ ಅವನದೇ ಆದ ಸೋಲೊ ಹುಡುಕಿದರೆ ತೀರಾ ಆರಂಭದ ದಿನಗಳ ಒಂದೆರಡು ಸಿಕ್ಕಾವು, ಅಷ್ಟೇ. ಹಾಗಿದ್ದೂ ಏಕೆ ಈ ಹೆಸರು ಎಂಬುದನ್ನು ವಿವರಿಸಬೇಕು.

ರಾಕ್ ತಂಡದಲ್ಲಿ ಇಬ್ಬರು ಗಿಟಾರಿಸ್ಟರಿದ್ದರೆ ಕೆಲಸ ಹಂಚಿಕೊಳ್ಳುವುದು ವಾಡಿಕೆ. ಲೀಡ್ ನುಡಿಸುವವನಿಗೆ ಹಾಡಿನ ನಡುವೆ ಒಬ್ಬನೇ ಮಿಂಚುವ ಅವಕಾಶ, ಅದೇ ಸೋಲೊ. ರಿದಮ್ ನುಡಿಸುವವನು ಹಾಡಿನ ಉದ್ದಕ್ಕೂ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ಮೀಟಿದ ಹಲವು ಸ್ವರಗಳ ಗೊಂಚಲನ್ನು, ತಾಳಕ್ಕೆ ಕೂರಿಸುತ್ತ ಹೋಗಬೇಕು. ಬ್ಯಾಂಡ್ ಕಟ್ಟುವ ಹುಡುಗರಲ್ಲಿ ಬೆರಳು ಚುರುಕಾಗಿರುವವನಿಗೆ ಲೀಡ್, ಉಳಿದವನಿಗೆ ರಿದಮ್ ಎಂಬ ಹಂಚಿಕೆ ಎಲ್ಲ ಊರುಗಳಲ್ಲೂ ನಡೆಯುತ್ತದೆ. ಎಸಿ/ಡಿಸಿಯಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಸೋಲೊ ನುಡಿಸಬಲ್ಲ ಅಣ್ಣ ಅದನ್ನು ತಾನಾಗಿಯೇ ತಮ್ಮನಿಗೆ ಬಿಟ್ಟುಕೊಟ್ಟು ರಿದಮ್ ಹಿಡಿದ. ತಂಡದ ಚುಕ್ಕಾಣಿಯನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ. ಯಾವ ಹಾಡು ಉಳಿಯಬೇಕು, ಯಾವ ವೇಗದಲ್ಲಿ ನಡೆಯಬೇಕು, ಯಾರು ತಂಡದಲ್ಲಿರಬೇಕು ಎಂಬುದರಲ್ಲೆಲ್ಲ ಕೊನೆಯ ಮಾತು ಅವನದು. ಆಂಗಸ್ ಇದನ್ನು ಸಂದರ್ಶನಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ.

ಯಂಗ್ ಕುಟುಂಬ ಸ್ಕಾಟ್ಲೆಂಡಿನ ಗ್ಲಾಸ್ಗೊದ್ದು. ಮಾಲ್ಕಮ್ ಹುಟ್ಟಿದ್ದು 1953ರ ಜನವರಿ 6ರಂದು, ಆಂಗಸ್ 1955ರಲ್ಲಿ. ಏಳು ಗಂಡುಮಕ್ಕಳು, ಒಬ್ಬಳು ಹೆಣ್ಣುಮಗಳು. 1962-63ರ ಚಳಿಗಾಲ ಬ್ರಿಟನ್ನಿಗೆ ಅತಿ ಕಠೋರವಾಗಿತ್ತು. ಆ ವರ್ಷವೇ ಮನೆಯ ಬಹುತೇಕ ಮಂದಿ ಆಸ್ಟ್ರೇಲಿಯಾಕ್ಕೆ ವಲಸೆ ಹೋದರು. ಸಿಡ್ನಿಯ ಅಂಚಿನ ವಿಲ್ಲಾವುಡ್‌ನಲ್ಲಿ ವಲಸಿಗರಿಗೆಂದು ಸರ್ಕಾರ ನಡೆಸುತ್ತಿದ್ದ ವಸತಿಯಲ್ಲಿ ಮೊದಲ ಬಿಡಾರ. ಅಲ್ಲಿಯೇ ಅಣ್ಣ ಜಾರ್ಜ್ ಯಂಗ್‌ಗೆ ಹಾಲೆಂಡಿನಿಂದ ಬಂದ ಹ್ಯಾರಿ ವಾಂಡಾ ಎಂಬ ಹುಡುಗ ಸಿಕ್ಕಿದ. ಅವರಿಬ್ಬರೂ ಸೇರಿ ಕಟ್ಟಿದ ಈಸಿಬೀಟ್ಸ್ ತಂಡದ 'ಫ್ರೈಡೇ ಆನ್ ಮೈ ಮೈಂಡ್' 1966ರಲ್ಲಿ ದೇಶದಾಚೆಗೂ ಗೆದ್ದಿತು. ತಮ್ಮಂದಿರಿಬ್ಬರ ಪಾಲಿಗೆ ಸಂಗೀತ ಎಂಬುದು ಮನೆಯ ಪಡಸಾಲೆಯಲ್ಲೇ ನಡೆಯುವ ಕಸುಬಾಯಿತು. ಆದರೆ ಆ ತಂಡ 1969ರಲ್ಲಿ ಮುಗಿದುಹೋದಾಗ ಜಾರ್ಜ್ ಕೈಯಲ್ಲಿ ಉಳಿದದ್ದು ಸಾಲ. ಗೆಲುವು ಕಂಡ ಅಣ್ಣ ಬರಿಗೈಯಲ್ಲಿ ನಿಂತದ್ದನ್ನು ಕಣ್ಣಾರೆ ಕಂಡವನು ಮಾಲ್ಕಮ್. ಮುಂದೆ ಹಣಕಾಸು, ಒಪ್ಪಂದಗಳ ವಿಷಯದಲ್ಲಿ ಆತ ತೋರಿದ ಬಿಗಿ, ಹೊರಗಿನವರನ್ನು ನಂಬದ ಸ್ವಭಾವ ಎರಡಕ್ಕೂ ಬೇರು ಇಲ್ಲಿದೆ ಎಂದು ನನಗನಿಸುತ್ತದೆ.

ಮಾಲ್ಕಮ್ ಬೇಗನೆ ಶಾಲೆ ಬಿಟ್ಟು, ಒಳ ಉಡುಪು ತಯಾರಿಸುವ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಕೆಲಸಕ್ಕೆ ಸೇರಿದ. ಸಂಜೆ ಗಿಟಾರ್. 1973ರ ಕೊನೆಯಲ್ಲಿ ತಮ್ಮನನ್ನು ಸೇರಿಸಿಕೊಂಡು ತಂಡ ಕಟ್ಟಿದ. ಹೊಲಿಗೆ ಯಂತ್ರದ ಮೇಲಿದ್ದ ಎಸಿ/ಡಿಸಿ ಎಂಬ ಅಕ್ಷರ ನೋಡಿ ಹೆಸರು ಸೂಚಿಸಿದವಳು ಅಕ್ಕ ಮಾರ್ಗರೆಟ್. ಆಂಗಸ್‌ಗೆ ಶಾಲಾ ಸಮವಸ್ತ್ರ ಹಾಕಿಸಿದವಳೂ ಅವಳೇ. ಆ ವರ್ಷದ ಡಿಸೆಂಬರ್ 31ರ ರಾತ್ರಿ ಸಿಡ್ನಿಯ ಚೆಕರ್ಸ್ ಎಂಬ ನೈಟ್‌ಕ್ಲಬ್ಬಿನಲ್ಲಿ ಮೊದಲ ಕಾರ್ಯಕ್ರಮ. ಮರುವರ್ಷ ಗಾಯಕ ಬಾನ್ ಸ್ಕಾಟ್ ಬಂದ. ಮೊದಲ ಆಲ್ಬಮ್‌ಗಳನ್ನೆಲ್ಲ ತಯಾರಿಸಿದವರು ಅಣ್ಣ ಜಾರ್ಜ್ ಮತ್ತು ಹ್ಯಾರಿ ವಾಂಡಾ.

ಇನ್ನು ಗಿಟಾರ್. ಹ್ಯಾರಿ ವಾಂಡಾ ನುಡಿಸುತ್ತಿದ್ದ 1963ರ ಗ್ರೆಚ್ ಜೆಟ್ ಫೈರ್‌ಬರ್ಡ್ ಹದಿಹರೆಯದ ಮಾಲ್ಕಮ್ ಕೈಗೆ ಬಂತು. ಮೊದಲು ಅದಕ್ಕೆ ಮಿರುಗುವ ಕೆಂಪು ಬಣ್ಣವಿತ್ತು. ಮಾಲ್ಕಮ್ ಅದನ್ನು ಕೆರೆದು ತೆಗೆದು ಒಳಗಿನ ಮರವನ್ನೇ ಕಾಣಿಸಿದ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್‌ಗಳಲ್ಲಿ ಬ್ರಿಡ್ಜ್ ಬಳಿಯ ಒಂದನ್ನಷ್ಟೇ ಉಳಿಸಿ ಮಿಕ್ಕದ್ದನ್ನು ಕಿತ್ತುಹಾಕಿದ. ಅವು ಇದ್ದ ಜಾಗದಲ್ಲಿ ಬಾಯ್ದೆರೆದ ರಂಧ್ರ ಹಾಗೆಯೇ ಉಳಿಯಿತು. ಆತ ಜೀವನಪೂರ್ತಿ ನೆಚ್ಚಿಕೊಂಡದ್ದು ಈ ಗಿಟಾರನ್ನೇ. ಬ್ರಿಡ್ಜ್ ಎಂದರೆ ತಂತಿ ಬಿಗಿದಿರುವ ತುದಿ. ಅದರ ಹತ್ತಿರ ತಂತಿ ಆಡುವುದು ಕಡಿಮೆ, ನಾದದಲ್ಲಿ ಮೇಲಿನ ಅಂಶಗಳು ಹೆಚ್ಚು. ಹಾಗಾಗಿ ಅಲ್ಲಿಂದ ಹೊರಡುವ ದನಿ ಗಡುಸು, ಚೂಪು. ದಪ್ಪ, ಮೆತ್ತಗಿನ ದನಿ ಬೇಕೆಂದವನಿಗೆ ಈ ಗಿಟಾರಿನಲ್ಲಿ ದಾರಿಯೇ ಇಲ್ಲ. ಆಯ್ಕೆಗಳನ್ನು ಹೀಗೆ ಮೊದಲೇ ಮುಚ್ಚಿಬಿಟ್ಟವನಿಗೆ ಉಳಿದ ಸಾಧನ ತನ್ನ ಕೈ ಒಂದೇ.

ತಂತಿಗಳನ್ನು ನೋಡಿ. ರಾಕ್ ಗಿಟಾರಿಸ್ಟರು ಬಳಸುವ ತೆಳು ತಂತಿ ಸಾಮಾನ್ಯವಾಗಿ 0.009 ಅಥವಾ 0.010 ಇಂಚಿನದು, ಆಂಗಸ್ ಬಳಸುವುದು 0.009. ಮಾಲ್ಕಮ್ ಹಾಕುತ್ತಿದ್ದದ್ದು 0.012. ಕೇಳಲು ಅತ್ಯಲ್ಪ ವ್ಯತ್ಯಾಸ. ಆದರೆ ಒಂದೇ ಉದ್ದದ, ಒಂದೇ ಶ್ರುತಿಯ ತಂತಿಯ ಬಿಗಿತ ಅದರ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಲೆಕ್ಕ ಹಾಕಿದರೆ ಅಣ್ಣನ ತಂತಿಯ ಬಿಗಿತ ತಮ್ಮನದಕ್ಕಿಂತ ಒಂದೂಮುಕ್ಕಾಲು ಪಟ್ಟು. ಅಂಥ ತಂತಿಯನ್ನು ಬೆರಳಿನಿಂದ ಎಳೆದು ಸ್ವರವನ್ನು ಜಾರಿಸುವುದು ಕಷ್ಟ, ಸೋಲೊ ನುಡಿಸುವವನಿಗೆ ಅದು ಬೇಡವೇ ಬೇಡ. ಬಲವಾಗಿ ಹೊಡೆದರೂ ಶ್ರುತಿ ಕದಲದೆ ನಿಲ್ಲುವುದು ಮಾತ್ರ ಅಂಥ ತಂತಿಯೇ. ತೆಳು ತಂತಿಯನ್ನು ಜೋರಾಗಿ ಹೊಡೆದರೆ ಮೊದಲ ಕ್ಷಣ ಸ್ವರ ಮೇಲಕ್ಕೆ ಚಿಮ್ಮಿ ಆಮೇಲೆ ಕೆಳಗಿಳಿದು ಕೂರುತ್ತದೆ. ಕಾರ್ಡ್ ಕದಡಿದಂತೆ ಕೇಳಿಸುತ್ತದೆ. ಮಾಲ್ಕಮ್ ಹೊಡೆಯುತ್ತಿದ್ದದ್ದು ಬಲವಾಗಿ, ತಂತಿ ಮೀಟುವ ದಪ್ಪನೆಯ ಪಿಕ್ ಹಿಡಿದು. ಕಾರ್ಡ್ ಮಾತ್ರ ಮೊದಲ ಕ್ಷಣದಿಂದಲೇ ನೇರ.

ಅವನ ಆಂಪ್ಲಿಫೈಯರ್ ವಿಷಯ ಕೇಳಿದರೆ ಹಲವರಿಗೆ ಅಚ್ಚರಿಯಾಗುತ್ತದೆ. ಹಾರ್ಡ್ ರಾಕ್ ಎಂದರೆ ಗೊರಗೊರ ಎನ್ನುವ ಡಿಸ್ಟಾರ್ಷನ್ ಎಂಬುದು ಸಾಮಾನ್ಯ ಕಲ್ಪನೆ. ಮಾಲ್ಕಮ್‌ನ ಮಾರ್ಷಲ್ ಆಂಪ್, ಬೇಸ್ ಗಿಟಾರಿಗೆಂದೇ ತಯಾರಾದ 100 ವ್ಯಾಟ್‌ನ ಸೂಪರ್ ಬೇಸ್, ಅವನ ಕೈಯಲ್ಲಿ ಬಹುತೇಕ ಶುಭ್ರವಾದ ದನಿ ಕೊಡುತ್ತಿತ್ತು. ನಡುವೆ ದನಿ ಬದಲಿಸುವ ಯಾವ ಪೆಡಲೂ ಇಲ್ಲ. ಗಿಟಾರಿನಿಂದ ಒಂದು ಕೇಬಲ್ ನೇರ ಆಂಪಿಗೆ. ಅಂಚಿನಲ್ಲಿ ಸ್ವಲ್ಪ ಕರಕಲು, ಅಷ್ಟೇ. ಕೈ ಹಗುರಾದರೆ ಅದೂ ಮಾಯವಾಗಿ ಗಂಟೆಯಂತೆ ಕೇಳಿಸುತ್ತದೆ.

ಇದರಿಂದ ಏನು ಲಾಭ ಎಂಬುದನ್ನು ನಮ್ಮ ಸಂಗೀತದ ಪರಿಭಾಷೆಯಲ್ಲೇ ಹೇಳಬಹುದು. ಇಂಥ ವಾಲ್ವ್ ಆಂಪ್ ಅನ್ನು ಮಿತಿಮೀರಿ ತಳ್ಳಿದಾಗ, ಒಟ್ಟಿಗೆ ನುಡಿದ ಎರಡು ಸ್ವರಗಳ ಮೊತ್ತ ಮತ್ತು ವ್ಯತ್ಯಾಸದ ಕಂಪನಗಳೂ ಹೊಸದಾಗಿ ಹುಟ್ಟಿಕೊಳ್ಳುತ್ತವೆ. ಷಡ್ಜ ಮತ್ತು ಪಂಚಮವಾದರೆ ತೊಂದರೆಯಿಲ್ಲ. ಅವುಗಳ ಅನುಪಾತ 3:2. ಹುಟ್ಟುವ ಹೊಸ ಕಂಪನಗಳೂ ಅದೇ ಕುಟುಂಬಕ್ಕೆ ಸೇರಿ ನಾದ ಇನ್ನಷ್ಟು ದೊಡ್ಡದಾಗುತ್ತದೆ. ತಂಬೂರಿಯ ಷಡ್ಜ-ಪಂಚಮದಲ್ಲಿ ಬೆಳೆದ ಕಿವಿಗೆ ಹಾರ್ಡ್ ರಾಕ್‌ನ ಪವರ್ ಕಾರ್ಡ್ ತಟ್ಟನೆ ಹಿಡಿಸುವುದಕ್ಕೂ ಇದೇ ಕಾರಣವಿರಬಹುದು. ಅದರಲ್ಲಿ ಇರುವುದು ಈ ಎರಡೇ ಸ್ವರ. ಆದರೆ ಗಿಟಾರಿನ ಮೆಟ್ಟಿಲುಗಳು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ್ದರಿಂದ ಅದರ ಅಂತರ ಗಾಂಧಾರ ಸಹಜ ಸ್ಥಾನಕ್ಕಿಂತ ತುಸು ಮೇಲಿರುತ್ತದೆ. ಅದನ್ನೂ ಸೇರಿಸಿ ಡಿಸ್ಟಾರ್ಷನ್ ಏರಿಸಿದರೆ ಕಂಪನಗಳು ಒಂದಕ್ಕೊಂದು ಡಿಕ್ಕಿ ಹೊಡೆದು ದನಿ ರಾಡಿಯಾಗುತ್ತದೆ. ಹಾಗಾಗಿ ಹಾರ್ಡ್ ರಾಕ್‌ನಲ್ಲಿ ಹೆಚ್ಚಿನವರು ಗಾಂಧಾರವನ್ನು ಬಿಟ್ಟು ಪವರ್ ಕಾರ್ಡ್‌ಗೆ ಅಂಟಿಕೊಂಡರು. ಮಾಲ್ಕಮ್ ಡಿಸ್ಟಾರ್ಷನ್ ತಗ್ಗಿಸಿದ, ಗಾಂಧಾರವನ್ನು ಉಳಿಸಿಕೊಂಡ. 'ಯು ಶುಕ್ ಮಿ ಆಲ್ ನೈಟ್ ಲಾಂಗ್' ಹಾಡಿನಲ್ಲಿ ಜಿ, ಸಿ, ಡಿ ಕಾರ್ಡ್‌ಗಳು, ಗಿಟಾರ್ ಕಲಿಯುವವರಿಗೆ ಮೊದಲ ವಾರವೇ ಹೇಳಿಕೊಡುವ ಕಾರ್ಡ್‌ಗಳು, ಅಷ್ಟೊಂದು ಹಿಗ್ಗಿನಿಂದ ಮೊಳಗುವುದು ಇದರಿಂದಲೇ. ಹಾರ್ಡ್ ರಾಕ್‌ಗೆ ಸಿಟ್ಟು ಮಾತ್ರ ಗೊತ್ತು ಎನ್ನುವವರು ಆ ಹಾಡಿನ ರಿದಮ್ ಗಿಟಾರ್ ಒಂದನ್ನೇ ಕಿವಿಗೊಟ್ಟು ಕೇಳಬೇಕು.

ಈ ಜಿ, ಸಿ, ಡಿ ಥರದವಕ್ಕೆ ಓಪನ್ ಕಾರ್ಡ್ ಎಂದು ಹೆಸರು. ಇವುಗಳಲ್ಲಿ ಕೆಲವು ತಂತಿಗಳನ್ನು ಎಡಗೈ ಮುಟ್ಟುವುದೇ ಇಲ್ಲ. ಅವು ಬಿಡುಬೀಸಾಗಿ ನುಡಿಯುತ್ತವೆ. ಎಲ್ಲ ತಂತಿಗಳನ್ನೂ ಬೆರಳು ಒತ್ತಿ ಹಿಡಿದಿದ್ದರೆ ದನಿ ನಿಲ್ಲಿಸುವುದು ಸುಲಭ: ಒತ್ತಡ ಸಡಿಲಿಸಿದರೆ ಸಾಕು, ತಂತಿ ಸುಮ್ಮನಾಗುತ್ತದೆ. ಓಪನ್ ಕಾರ್ಡ್‌ನಲ್ಲಿ ಹಾಗಾಗದು. ಎಡಗೈ ತೆಗೆದರೂ ಬಿಟ್ಟ ತಂತಿಗಳು ಮೊಳಗುತ್ತಲೇ ಇರುತ್ತವೆ. ಬಲಗೈಯ ಅಂಗೈ ಅಂಚು, ಎಡಗೈಯ ಬಿಡುವಾದ ಬೆರಳು ಎರಡೂ ಏಕಕಾಲಕ್ಕೆ ತಂತಿಗಳ ಮೇಲೆ ಬಂದು ಕೂರಬೇಕು, ಮರುಕ್ಷಣ ಮತ್ತೆ ಮೇಲೇಳಬೇಕು. ದಪ್ಪ ತಂತಿ, ಶುಭ್ರ ದನಿ. ಎಲ್ಲಾದರೂ ತಡವಾದರೆ ಮುಚ್ಚಿಡಲು ಡಿಸ್ಟಾರ್ಷನ್ನೂ ಇಲ್ಲ. ನಿಲ್ಲಿಸಲು ಅತಿ ಕಷ್ಟವಾದ ಕಾರ್ಡ್‌ಗಳನ್ನೇ ಆರಿಸಿಕೊಂಡು, ಅವುಗಳನ್ನು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ನಿಲ್ಲಿಸುವುದು ಮಾಲ್ಕಮ್ ಯಂಗ್‌ನ ಕಲೆ. ನಾನು ಹೇಳಹೊರಟ ಮುಖ್ಯ ಮಾತು ಇಷ್ಟೇ. ಹೊಡೆತದಲ್ಲಿ ಅವನಿಗೆ ಸಮನಾದವರು ಇದ್ದಾರು. ನಿಲುಗಡೆಯಲ್ಲಿ ನನಗೆ ಯಾರೂ ಸಿಕ್ಕಿಲ್ಲ.

'ಬ್ಯಾಕ್ ಇನ್ ಬ್ಲ್ಯಾಕ್' ಹಾಡು ಕೇಳದವರು ಕಡಿಮೆ. 2008ರ 'ಐರನ್ ಮ್ಯಾನ್' ಸಿನಿಮಾ ತೆರೆದುಕೊಳ್ಳುವುದೇ ಅದರಿಂದ. ಡ್ರಮ್ಸಿನ ಹೈಹ್ಯಾಟ್ ಲೆಕ್ಕ ಹಾಕುತ್ತದೆ. ಇ ಕಾರ್ಡ್ ಒಂದು ಸಲ, ಅದರ ಹಿಂದೆಯೇ ಮೌನ. ಡಿ ಕಾರ್ಡ್ ಮೂರು ಸಲ, ಮತ್ತೆ ಮೌನ. ಎ ಕಾರ್ಡ್ ಮೂರು ಸಲ. ಆಮೇಲೆ ಕೆಳಗಿಳಿಯುವ ಒಂದು ಪುಟ್ಟ ಎಳೆ. ಕಾರ್ಡ್‌ಗಳು ಮೂರೇ. ಬೇರೆಯವರು ಇದನ್ನು ನುಡಿಸಿದಾಗ ಸ್ವರಗಳೆಲ್ಲ ಸರಿಯಿದ್ದೂ ಹಾಡು ಮೇಲೇಳುವುದಿಲ್ಲ. ಮೊದಲ ಇ ಕಾರ್ಡ್ ಎಷ್ಟು ಹೊತ್ತು ನಿಲ್ಲಬೇಕೋ ಅದಕ್ಕಿಂತ ಒಂದು ತುಣುಕು ಹೆಚ್ಚು ನಿಂತುಬಿಟ್ಟಿರುತ್ತದೆ, ಅಷ್ಟಕ್ಕೇ ಮುಂದಿನ ಮೌನ ಹಾಳು. ಕರ್ನಾಟಕ ಸಂಗೀತದ ಲಯವಾದ್ಯದವರು ಕಾರ್ವೆ ಎನ್ನುವುದು ಇದನ್ನೇ. ಎರಡು ಸೊಲ್ಲುಗಟ್ಟಿನ ನಡುವಿನ ಆ ಬಿಡುವು ಲೆಕ್ಕಕ್ಕೆ ಸೇರಿದ ಕಾಲ. ನುಡಿಸಿದಷ್ಟೇ ಎಚ್ಚರದಿಂದ ಅದನ್ನು ಕಾಯಬೇಕು. ನಮ್ಮ ಮೃದಂಗ, ಘಟದವರಿಗೆ 'ಬ್ಯಾಕ್ ಇನ್ ಬ್ಲ್ಯಾಕ್' ಕೇಳಿಸಿದರೆ ಅವರು ಮೊದಲು ತಲೆದೂಗುವುದು ಆಂಗಸ್‌ನ ಸೋಲೊಗೆ ಇರಲಾರದು ಎಂದು ನನ್ನ ಊಹೆ.

ಈ ಬಿಡುವುಗಳಲ್ಲಿ ಜನ ತಾವೇ ಹೊಕ್ಕುಬಿಡುತ್ತಾರೆ ಎಂಬುದಕ್ಕೆ 1978ರ ಲೈವ್ ಆಲ್ಬಮ್ ಸಾಕ್ಷಿ. ಹುಟ್ಟೂರು ಗ್ಲಾಸ್ಗೊದ ಅಪೊಲೊ ಥಿಯೇಟರಿನಲ್ಲಿ 'ಹೋಲ್ ಲಾಟಾ ರೋಸಿ' ಶುರುವಾಗುತ್ತದೆ, ಗಿಟಾರ್ ಹೊಡೆದು ನಿಲ್ಲುತ್ತದೆ, ಆ ಖಾಲಿಯಲ್ಲಿ ಸಭೆಯಿಡೀ ಒಕ್ಕೊರಲಿನಿಂದ "ಆಂಗಸ್!" ಎಂದು ಕೂಗುತ್ತದೆ. ಮತ್ತೆ ಗಿಟಾರ್, ಮತ್ತೆ ಕೂಗು. ಅಂದಿನಿಂದ ಲೋಕದ ಯಾವ ಊರಿನಲ್ಲಿ ಈ ಹಾಡು ನುಡಿಸಿದರೂ ಜನ ಅದೇ ಜಾಗದಲ್ಲಿ ಕೂಗುತ್ತ ಬಂದಿದ್ದಾರೆ. ತಮ್ಮನ ಹೆಸರಿಗೆ ಜಾಗ ಮಾಡಿಕೊಟ್ಟದ್ದು ಅಣ್ಣನೂ ಸೇರಿ ಕಾಯ್ದ ಆ ನಿಲುಗಡೆ.

1979ರ 'ಹೈವೇ ಟು ಹೆಲ್' ಇನ್ನೊಂದು ಪಾಠ. ಚರಣದಲ್ಲಿ ಗಿಟಾರ್ ಎರಡು ಮೂರು ಕಾರ್ಡ್ ಹೊಡೆದು ಸುಮ್ಮನಾಗುತ್ತದೆ, ಬಾನ್ ಸ್ಕಾಟ್ ಹಾಡುತ್ತಾನೆ. ಬೇಸ್ ಗಿಟಾರ್ ಹಿಡಿದ ಕ್ಲಿಫ್ ವಿಲಿಯಮ್ಸ್ ಆಗ ಏನನ್ನೂ ನುಡಿಸುವುದಿಲ್ಲ, ಸುಮ್ಮನೆ ನಿಂತಿರುತ್ತಾನೆ. ಪಲ್ಲವಿಗೆ ಬೇಸ್ ಒಳಬಂದಾಗ ಕೋಣೆಯ ನೆಲವೇ ಮೇಲೆದ್ದಂತೆ ಆಗುತ್ತದೆ. ಇದು ಒಬ್ಬನ ಸಂಯಮದಿಂದ ಆಗುವ ಮಾತಲ್ಲ, ಇಡೀ ತಂಡಕ್ಕೆ ಆ ಶಿಸ್ತು ಬರಬೇಕು. ಫಿಲ್ ರಡ್‌ನ ಡ್ರಮ್ಸೂ ಹಾಗೆಯೇ. ಅಲಂಕಾರಗಳಿಲ್ಲ, ಉರುಳಿಕೆಗಳಿಲ್ಲ. ಸ್ನೇರ್ ಡ್ರಮ್ಮಿನ ಏಟು ತಾಳದ ಮೇಲೆ ಬೀಳುವಾಗ ತುಸು ಹಿಂದಕ್ಕೆ ಒರಗಿದಂತೆ ಕೇಳಿಸುತ್ತದೆ. ಮಾಲ್ಕಮ್‌ನ ಕಾರ್ಡ್ ಅದನ್ನು ಮುಂದಕ್ಕೆ ಎಳೆಯುತ್ತಿರುತ್ತದೆ. ಕಾಲು ತಾನಾಗಿ ಅಲ್ಲಾಡುವುದು ಇವೆರಡರ ಎಳೆದಾಟಕ್ಕೆ. ಈ ಹಾಡುಗಳ ವೇಗ ಅಂಥ ಜೋರಿನದೂ ಅಲ್ಲ. 'ಬ್ಯಾಕ್ ಇನ್ ಬ್ಲ್ಯಾಕ್' ನಿಮಿಷಕ್ಕೆ ಸುಮಾರು 94 ಬಡಿತದ ನಡೆ. ನಿಧಾನದಲ್ಲಿ ಭಾರ ಹೊತ್ತು ನಡೆಯುವುದು ಓಡುವುದಕ್ಕಿಂತ ಕಷ್ಟ.

ಈ ಬಗೆಯ ರಿದಮ್ ಗಿಟಾರಿನ ವಂಶಾವಳಿಯ ಮೂಲದಲ್ಲಿ ರಾಕ್ ಅಂಡ್ ರೋಲ್‌ನ ಚಕ್ ಬೆರ್ರಿ ಇದ್ದಾನೆ, ಬ್ಲೂಸ್‌ನ ಮಡ್ಡಿ ವಾಟರ್ಸ್ ಇದ್ದಾನೆ; ಅವರ ಮುಂದಿನ ತಲೆಮಾರಿನಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್. ಸ್ಟೋನ್ಸ್ 2003ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ್ದರು. ಅದೇ ಮೈದಾನಕ್ಕೆ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದವು. ಎಸಿ/ಡಿಸಿ ಮಾತ್ರ ಭಾರತಕ್ಕೆ ಬರಲೇ ಇಲ್ಲ. ಇಲ್ಲಿನವರಿಗೆ ಮಾಲ್ಕಮ್ ಏನಿದ್ದರೂ ಕ್ಯಾಸೆಟ್, ಸಿಡಿ, ಈಗ ಫೋನಿನಲ್ಲಿ ಸಿಗುವ ದನಿ. ಆತನ ನುಡಿಸಾಣಿಕೆಯನ್ನು ತಿಳಿಯಲು ಅದೇನೂ ಕೆಟ್ಟ ದಾರಿಯಲ್ಲ. ಕಣ್ಣಿಗೆ ಕೆಲಸವಿಲ್ಲದಾಗ ಕಿವಿ ಆಂಗಸ್‌ನನ್ನು ಬಿಟ್ಟು ಹಿಂದೆ ನಿಂತವನ ಕಡೆ ಹೊರಳುತ್ತದೆ. ಹೆಡ್‌ಫೋನ್ ಹಾಕಿಕೊಂಡರೆ ಬಹುತೇಕ ಆಲ್ಬಮ್‌ಗಳಲ್ಲಿ ಅಣ್ಣ ಒಂದು ಕಿವಿಗೆ, ತಮ್ಮ ಇನ್ನೊಂದು ಕಿವಿಗೆ. ಒಂದೇ ರಿಫ್ ಅನ್ನು, ಅಂದರೆ ಹಾಡಿನಲ್ಲಿ ಮರುಕಳಿಸುವ ಪುಟ್ಟ ಗಿಟಾರ್ ಎಳೆಯನ್ನು, ಇಬ್ಬರೂ ನುಡಿಸುತ್ತಿದ್ದರೂ ಆಂಗಸ್‌ನ ಗಿಬ್ಸನ್ ಎಸ್‌ಜಿ ಗಿಟಾರ್ ಸ್ವಲ್ಪ ದಪ್ಪಗೆ, ಹೆಚ್ಚು ಉರಿಯಾಗಿ ಕೇಳಿಸುತ್ತದೆ, ಮಾಲ್ಕಮ್‌ನ ಗ್ರೆಚ್ ತೆಳ್ಳಗೆ, ಗಟ್ಟಿಯಾಗಿ. ಎರಡೂ ಸೇರಿದಾಗ ಒಂದೇ ದೈತ್ಯ ಗಿಟಾರ್ ಎನಿಸುತ್ತದೆ.

1980ರ ಫೆಬ್ರುವರಿ 19ರಂದು ಲಂಡನ್ನಿನಲ್ಲಿ ಬಾನ್ ಸ್ಕಾಟ್ ತೀರಿಕೊಂಡ. ಮಿತಿಮೀರಿದ ಕುಡಿತ. ಆ ಸುದ್ದಿಯನ್ನು ಬಾನ್‌ನ ತಂದೆತಾಯಿಗೆ ಫೋನ್ ಮಾಡಿ ತಿಳಿಸುವ ಹೊರೆ ಹೊತ್ತವನು ಮಾಲ್ಕಮ್. ಕೆಲದಿನಗಳ ಬಳಿಕ ಆಂಗಸ್‌ಗೂ ಫೋನ್ ಮಾಡಿ, ಸುಮ್ಮನೆ ಕುಳಿತಿರುವುದಕ್ಕಿಂತ ಇಬ್ಬರೂ ಸೇರಿ ಹಾಡು ಕಟ್ಟೋಣ ಎಂದು ಕರೆದವನೂ ಅವನೇ. 'ಬ್ಯಾಕ್ ಇನ್ ಬ್ಲ್ಯಾಕ್' ರಿಫ್ ಅನ್ನು ಮಾಲ್ಕಮ್ ಅದಕ್ಕೂ ಮುಂಚೆಯೇ, ಹಿಂದಿನ ಪ್ರವಾಸದ ದಿನಗಳಲ್ಲಿ, ಒಂದು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದ. ಇಟ್ಟುಕೊಳ್ಳಲೋ ಬೇಡವೋ ಎಂಬ ಅನುಮಾನದಲ್ಲಿ ತಮ್ಮನಿಗೆ ಕೇಳಿಸಿದನೆಂದು ಆಂಗಸ್ ನೆನಪಿಸಿಕೊಂಡಿದ್ದಾನೆ. ಹೊಸ ಗಾಯಕ ಬ್ರಯಾನ್ ಜಾನ್ಸನ್‌ನನ್ನು ಸೇರಿಸಿಕೊಂಡು ಬಹಾಮಾಸ್‌ನ ನಸ್ಸಾವಿನಲ್ಲಿ, ನಿರ್ಮಾಪಕ ಮಟ್ ಲ್ಯಾಂಗ್ ಜೊತೆ ಧ್ವನಿಮುದ್ರಿಸಿದ ಆಲ್ಬಮ್ ಆ ಜುಲೈ 25ರಂದೇ ಬಿಡುಗಡೆಯಾಯಿತು. ಸತ್ತ ಗೆಳೆಯನ ನೆನಪಿಗೆಂದು ಮುಖಪುಟ ಪೂರ್ತಿ ಕಪ್ಪು. ಈವರೆಗೆ ಸುಮಾರು 5 ಕೋಟಿ ಪ್ರತಿಗಳು ಮಾರಾಟವಾಗಿವೆಯೆಂಬ ಅಂದಾಜಿದೆ. ಶೋಕದಲ್ಲಿದ್ದ ಅಣ್ಣತಮ್ಮಂದಿರು ಶೋಕಗೀತೆ ಬರೆಯಲಿಲ್ಲ. ತಮಗೆ ಗೊತ್ತಿದ್ದ ಕೆಲಸವನ್ನೇ ಇನ್ನಷ್ಟು ನಿಚ್ಚಳವಾಗಿ ಮಾಡಿದರು. ಆ ಆಲ್ಬಮ್‌ನಲ್ಲಿ ಮಾಲ್ಕಮ್ ನುಡಿಸಿದ್ದರಲ್ಲಿ ಒಂದು ಏಟನ್ನೂ ತೆಗೆಯುವಂತಿಲ್ಲ.

ಎಲ್ಲ ಕಾಲದಲ್ಲೂ ಹೀಗೇ ಇತ್ತೆಂದು ಹೇಳಲಾರೆ. ಎಂಬತ್ತರ ದಶಕದ ನಡುವೆ ಅಣ್ಣತಮ್ಮಂದಿರು ತಾವೇ ನಿರ್ಮಾಪಕರಾದರು. 1985ರ 'ಫ್ಲೈ ಆನ್ ದ ವಾಲ್' ಆಲ್ಬಮ್‌ನಲ್ಲಿ ದನಿಗಳು ಒಂದರ ಮೇಲೊಂದು ಬಿದ್ದು, ಮಾಲ್ಕಮ್ ಜತನದಿಂದ ಕಾಯ್ದ ಬಿಡುವುಗಳೆಲ್ಲ ಮುಚ್ಚಿಹೋಗಿವೆ. ಅದನ್ನು ಕೇಳುವಾಗ ನನಗೆ ಬೇಸರವಾಗುತ್ತದೆ. ಎಲ್ಲ ಆಲ್ಬಮ್‌ಗಳೂ ಒಂದೇ ಥರ ಎಂಬ ಹಳೆಯ ದೂರನ್ನು ನಾನು ಒಪ್ಪುವುದಿಲ್ಲ. ಆದರೆ ಹಾಡುಗಳ ಸಾಹಿತ್ಯ ಹಲವು ಕಡೆ ಒರಟು, ಹೆಣ್ಣಿನ ವಿಷಯದಲ್ಲಿ ಅಗ್ಗದ ಮಾತು ಎಂಬ ದೂರಿಗೆ ಉತ್ತರವಿಲ್ಲ. ಆ ಸಾಲುಗಳಿಗೂ ಈ ಗಿಟಾರಿಗೂ ನಡುವೆ ನನ್ನ ಪ್ರೀತಿ ಒಂದೇ ಸಮನಾಗಿಲ್ಲ. ಮಾಲ್ಕಮ್‌ಗೆ ಕುಡಿತದ ಚಟವೂ ಇತ್ತು. 1988ರಲ್ಲಿ ಅಮೆರಿಕ ಪ್ರವಾಸವನ್ನು ಬಿಟ್ಟು ಕುಳಿತು ಅದರಿಂದ ಹೊರಬಂದ. ಅಷ್ಟು ದಿನ ಅವನ ಜಾಗದಲ್ಲಿ ನುಡಿಸಿದ್ದು ಅಣ್ಣನ ಮಗ ಸ್ಟೀವಿ ಯಂಗ್. ಮರಳಿ ಬಂದ ಮೇಲೆ ಅಣ್ಣತಮ್ಮಂದಿರು ಬರೆದ 1990ರ 'ದ ರೇಜರ್ಸ್ ಎಡ್ಜ್' ಆಲ್ಬಮ್‌ನ ಮೊದಲ ಹಾಡು 'ಥಂಡರ್‌ಸ್ಟ್ರಕ್'. ಅದರ ಆರಂಭದ ಮಿಂಚಿನ ಎಳೆ ಆಂಗಸ್‌ನದು, ಎಲ್ಲರೂ ಕಲಿಯಲು ಹಂಬಲಿಸುವುದು ಅದನ್ನೇ. ಅದರ ಅಡಿಯಲ್ಲಿ ಕಾರ್ಡ್‌ಗಳು ಬಂದು ಕೂರುವಾಗಿನ ನೆಮ್ಮದಿಯನ್ನೂ ಗಮನಿಸಬೇಕು.

2008ರಿಂದ 2010ರವರೆಗೆ ನಡೆದ 'ಬ್ಲ್ಯಾಕ್ ಐಸ್' ಪ್ರವಾಸದ ಕಥೆ ಹೇಳಲು ಕಷ್ಟ. ಬ್ಯೂನಸ್ ಐರಿಸ್‌ನ ಆ ಡಿವಿಡಿ ಇದೇ ಪ್ರವಾಸದ್ದು. ಆ ಹೊತ್ತಿಗಾಗಲೇ ಮಾಲ್ಕಮ್‌ನ ನೆನಪು ಕೈಕೊಡಲು ತೊಡಗಿತ್ತು. ಮೂವತ್ತು ವರ್ಷದಿಂದ ನುಡಿಸಿದ್ದ, ತಾನೇ ಕಟ್ಟಿದ್ದ ಹಾಡುಗಳನ್ನು ಕಾರ್ಯಕ್ರಮಕ್ಕೆ ಮೊದಲು ಕುಳಿತು ಮತ್ತೆ ಕಲಿತುಕೊಳ್ಳಬೇಕಾಗುತ್ತಿತ್ತು ಎಂದು ಆಂಗಸ್ ಆಮೇಲೆ ಹೇಳಿದ. ಕೇಳುಗರಿಗೆ ಅದು ಗೊತ್ತಾಗಲಿಲ್ಲ. ಆ ಮುದ್ರಿಕೆಯಲ್ಲಿ ಅವನ ಕೈ ಎಲ್ಲಿಯೂ ತಪ್ಪಿದಂತೆ ನನ್ನ ಕಿವಿಗೆ ಬಿದ್ದಿಲ್ಲ. 2010ರ ಜೂನ್ 28ರಂದು ಸ್ಪೇನಿನ ಬಿಲ್ಬಾವೊದಲ್ಲಿ ನುಡಿಸಿದ್ದೇ ಕೊನೆ. 2014ರಲ್ಲಿ ಆತ ಡಿಮೆನ್ಷಿಯಾದಿಂದ ಬಳಲುತ್ತಿರುವುದಾಗಿಯೂ ತಂಡಕ್ಕೆ ಮರಳುವುದಿಲ್ಲವೆಂದೂ ಪ್ರಕಟವಾಯಿತು. 2017ರ ಅಕ್ಟೋಬರಿನಲ್ಲಿ ಅಣ್ಣ ಜಾರ್ಜ್ ಹೋದ. ತಿಂಗಳು ತುಂಬುವಷ್ಟರಲ್ಲಿ, ನವೆಂಬರ್ 18ರಂದು, ಸಿಡ್ನಿಯಲ್ಲಿ ಮಾಲ್ಕಮ್. ಆಗ ಅವನಿಗೆ 64 ವರ್ಷ.

ಅವನ ಜಾಗದಲ್ಲಿ ಈಗ ಮತ್ತೆ ಸ್ಟೀವಿ ಇದ್ದಾನೆ. ಚಿಕ್ಕಪ್ಪನದೇ ಬಗೆಯ ಗಿಟಾರ್, ಅದೇ ನಿಲುವು, ಅದೇ ಮೂಲೆ. 2020ರಲ್ಲಿ ಬಂದ 'ಪವರ್ ಅಪ್' ಆಲ್ಬಮ್‌ನ ಹನ್ನೆರಡು ಹಾಡುಗಳಿಗೂ ಆಂಗಸ್ ಜೊತೆ ಮಾಲ್ಕಮ್ ಹೆಸರಿದೆ. ಅಣ್ಣ ಇದ್ದಾಗ ಇಬ್ಬರೂ ಕೂಡಿಟ್ಟಿದ್ದ ರಿಫ್‌ಗಳಿಂದ ಅವನ್ನು ಕಟ್ಟಲಾಯಿತು. ಸ್ಟೀವಿ ಚೆನ್ನಾಗಿ ನುಡಿಸುತ್ತಾನೆ, ಅದರಲ್ಲಿ ಎರಡು ಮಾತಿಲ್ಲ.

ಮಾಲ್ಕಮ್‌ನನ್ನು ಕೇಳಬೇಕೆಂದು ಹೊರಟವರಿಗೆ 'ಬ್ಯಾಕ್ ಇನ್ ಬ್ಲ್ಯಾಕ್' ಆದಮೇಲೆ ನಾನು ಹೇಳುವುದು 1978ರ 'ಪವರೇಜ್'. ಮಾರಾಟದಲ್ಲಿ ಅದು ಅಂಥ ಹೆಸರು ಮಾಡಲಿಲ್ಲ. ಜಾರ್ಜ್ ಮತ್ತು ವಾಂಡಾ ಸಿಡ್ನಿಯ ಆಲ್ಬರ್ಟ್ ಸ್ಟುಡಿಯೊದಲ್ಲಿ ಅದನ್ನು ತಯಾರಿಸಿದಾಗ ಹೊಳಪು ಕೊಡಲು ಹೋಗಲಿಲ್ಲ. ಕೋಣೆಯ ಒಳಗೆ ನಿಂತು ಕೇಳಿದಂತಿದೆ. ಅದರಲ್ಲಿ 'ಡೌನ್ ಪೇಮೆಂಟ್ ಬ್ಲೂಸ್' ಎಂಬ ಆರು ನಿಮಿಷದ ಹಾಡಿದೆ. ಕೆಲಸವಿಲ್ಲದ, ಸಾಲದಲ್ಲಿ ಮುಳುಗಿದ ಒಬ್ಬನ ಕಥೆ; ಬಾನ್ ಸ್ಕಾಟ್ ಬರೆದುದರಲ್ಲೇ ಉತ್ತಮವಾದದ್ದು. ಗಿಟಾರ್ ತೀರಾ ಮೆಲ್ಲಗೆ ಶುರುವಾಗುತ್ತದೆ. ಆಂಪ್‌ನಲ್ಲಿ ಏನನ್ನೂ ತಿರುಗಿಸದೆ, ಬರೀ ಕೈಯ ಬಲವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋದಾಗ ಅದೇ ಕಾರ್ಡ್‌ಗಳು ಹೇಗೆ ಬೆಳೆಯುತ್ತವೆ ಎಂಬುದನ್ನು ಮೊದಲ ಒಂದು ನಿಮಿಷದಲ್ಲೇ ಹಿಡಿಯಬಹುದು. ಮೊದಲ ಸಲ ಬಾನ್‌ನ ಮಾತಿಗೆ ಕಿವಿಗೊಡಿ, ಎರಡನೆಯ ಸಲ ಮಾಲ್ಕಮ್ ಇರುವ ಕಿವಿಯ ಕಡೆಗೆ ಮಾತ್ರ.